ಹುಲಿ ಯಾಕೆ ಸತ್ತಿತು?

'ಗೋವಿನ ಹಾಡ'ನ್ನು ನಾವು ಸತ್ಯದ ಪಾಠವಾಗಿ ಕಲಿತೆವು, ಹಾಗೆಯೇ ಕಲಿಸುತ್ತಲೂ ಇದ್ದೇವೆ. ಸಂಶೋಧನೆಗಾಗಿ ಮಕ್ಕಳ ಪುಸ್ತಕಗಳನ್ನು ಓದುತ್ತಿರುವ ನನಗೆ ಈಚೆಗೆ ಅದು ಸಾವಿನ ಹಾಡಾಗಿಯೇ ಹೆಚ್ಚು ಕೇಳಿಸುತ್ತದೆ. ಸಾಯಲು ಹೊರಟ ತಾಯಿ ದೊಡ್ಡಿಗೆ ಬರುತ್ತಾಳೆ, ಕರುವಿಗೆ ಹಾಲೂಡಿಸುತ್ತಾಳೆ, ಹುಲಿಯ ವಿಷಯ ತಿಳಿಸುತ್ತಾಳೆ, ತಬ್ಬಲಿಯಾಗಲಿರುವ ಅದನ್ನು ಉಳಿದ ಹಸುಗಳಿಗೆ ಒಪ್ಪಿಸುತ್ತಾಳೆ. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತು ಉಳಿಸಿಕೊಂಡದ್ದನ್ನು ಹೊಗಳುವ ನಾವು, ಅವಳು ಕರುವಿಗೂ ಸುಳ್ಳು ಹೇಳಲಿಲ್ಲ ಎಂಬುದನ್ನು ಗಮನಿಸುವುದಿಲ್ಲ.

ನನ್ನ ಮಟ್ಟಿಗೆ ಇದೇ ಹೆಚ್ಚು ಕಷ್ಟದ ಸತ್ಯ. ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ಮಗುವಿಗೆ 'ಊರಿಗೆ ಹೋಗಿದ್ದಾರೆ' ಎನ್ನುತ್ತೇವೆ. ಹೇಳುವವರದು ಪ್ರೀತಿಯೇ. ಆದರೆ ಊರಿಗೆ ಹೋದವರು ಮರಳಿ ಬರಬೇಕಲ್ಲ? ನಮ್ಮಜ್ಜ ಹೋದ ವಾರ ಅಕ್ಕನ ಮಗ ಬಾಗಿಲ ಬಳಿ ನಿಂತು, "ಅಜ್ಜ ಚಪ್ಪಲಿ ಯಾಕೆ ಬಿಟ್ಟು ಹೋದ್ರು?" ಎಂದು ಕೇಳಿದ. ಯಾರೂ ಉತ್ತರಿಸಲಿಲ್ಲ. ಅವನು ಅಜ್ಜನ ಜೊತೆಗೆ ದೊಡ್ಡವರ ಮಾತಿನ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತಿದ್ದ.

ಹಾಗೆಂದು ಸತ್ಯವನ್ನು ಮಗುವಿನ ಮುಂದೆ ಎಸೆದು ಹೋಗುವುದೂ ಸರಿಯಲ್ಲ. ಇ.ಬಿ. ವೈಟ್ ಬರೆದ 'ಶಾರ್ಲಟ್ಸ್ ವೆಬ್' (1952) ಇಲ್ಲಿ ದಾರಿ ತೋರಿಸುತ್ತದೆ. ಹಂದಿಮರಿ ವಿಲ್ಬರ್‌ನ ಪ್ರಾಣ ಉಳಿಸಿದ ಜೇಡ ಶಾರ್ಲಟ್ ಜಾತ್ರೆಯ ಮೈದಾನದಲ್ಲಿ ಒಂಟಿಯಾಗಿ ಸಾಯುತ್ತಾಳೆ. ವೈಟ್ ಅವಳನ್ನು ಬದುಕಿಸುವುದಿಲ್ಲ. ವಿಲ್ಬರ್‌ಗೆ ಒಂದು ಕೆಲಸ ಕೊಡುತ್ತಾರೆ: ಅವಳ ಮೊಟ್ಟೆಚೀಲವನ್ನು ಬಾಯಲ್ಲಿಟ್ಟುಕೊಂಡು ಅವನು ಕೊಟ್ಟಿಗೆಗೆ ತರುತ್ತಾನೆ. ಮರಿಗಳಲ್ಲಿ ಹೆಚ್ಚಿನವು ಗಾಳಿಯಲ್ಲಿ ತೇಲಿಹೋಗಿ ಮೂರು ಮಾತ್ರ ಉಳಿಯುತ್ತವೆ. ಅವು ಅವಳ ಜಾಗ ತುಂಬುವುದಿಲ್ಲ ಎಂಬುದನ್ನೂ ಪುಸ್ತಕ ಮುಚ್ಚಿಡುವುದಿಲ್ಲ. ಪುಣ್ಯಕೋಟಿ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿದ್ದೂ ಇಂಥದ್ದೇ. ದುಃಖ ಹೋಗುವುದಿಲ್ಲ, ಆದರೆ ದುಃಖಪಡುವವರು ಒಂಟಿಯಾಗಬಾರದು.

ಆದರೆ ನಮ್ಮ ಹಾಡಿನಲ್ಲಿ ಒಂದು ಸಾವು ಒಂಟಿಯಾಗಿಯೇ ಉಳಿದಿದೆ. ತಾಯಿ ಬದುಕಿದ ಸಂತೋಷದಲ್ಲಿ ನಾವು ಹುಲಿಯನ್ನು ಬೇಗ ದಾಟಿಬಿಡುತ್ತೇವೆ. ಮಕ್ಕಳು ಮಾತ್ರ ಅಲ್ಲೇ ನಿಲ್ಲುತ್ತಾರೆ: ಹುಲಿ ಯಾಕೆ ಸತ್ತಿತು, ತಿನ್ನದೆ ಸುಮ್ಮನೆ ಹೋಗಬಹುದಿತ್ತಲ್ಲ? 'ಅದು ಕೆಟ್ಟದ್ದು' ಎಂದರೆ ಸುಳ್ಳಾಗುತ್ತದೆ. ಪಶ್ಚಾತ್ತಾಪಪಟ್ಟ ಹುಲಿ ಕೆಟ್ಟದ್ದಲ್ಲ. 'ಹಾಗೇ ಆಗಬೇಕಿತ್ತು' ಎಂದರೆ, ತಪ್ಪು ತಿಳಿದವರು ಸಾಯಬೇಕು ಎಂದು ಕಲಿಸಿದಂತೆ. ನನ್ನ ಬಳಿಯೂ ಸಿದ್ಧ ಉತ್ತರವಿಲ್ಲ. ಹುಲಿಗಾಗಿ ಮಗುವೊಂದು ಅತ್ತರೆ, 'ಈ ಪದ್ಯದ ನೀತಿ ಏನು?' ಎಂದು ಕೇಳುವ ಮೊದಲು ಅದನ್ನು ಅಳಲು ಬಿಡಬೇಕು ಎಂದಷ್ಟೇ ನನಗೆ ತೋರುತ್ತದೆ.