ಶೀತೋಷ್ಣ ಮತ್ತು ತಿತಿಕ್ಷೆ

ಕುರುಕ್ಷೇತ್ರದಲ್ಲಿ ಕಂಗೆಟ್ಟು ಕುಳಿತ ಅರ್ಜುನನಿಗೆ ತತ್ತ್ವೋಪದೇಶಮಾಡತೊಡಗಿದ ಶ್ರೀಕೃಷ್ಣನು, ಸುಖದುಃಖಗಳಿಗಿಂತಲೂ ಮೊದಲು ಹೆಸರಿಸಿದ್ದು ಶೀತೋಷ್ಣಗಳನ್ನು. ಇಂದ್ರಿಯಗಳು ವಿಷಯಗಳನ್ನು ಸೋಕುವುದರಿಂದ ಹುಟ್ಟುವ ಇವು ಬಂದು ಹೋಗತಕ್ಕವು. ಆದುದರಿಂದ ತಾಳಿಕೋ ಎಂಬುದು ಗೀತೆಯ ಎರಡನೆಯ ಅಧ್ಯಾಯದ 14ನೆಯ ಶ್ಲೋಕದ ತಾತ್ಪರ್ಯ. ಈ ತಾಳಿಕೆಗೆ ತಿತಿಕ್ಷೆಯೆಂದು ಹೆಸರು. ಶ್ರೀಶಂಕರರ ಹೆಸರಿನಲ್ಲಿ ಪ್ರಸಿದ್ಧವಾದ ‘ವಿವೇಕಚೂಡಾಮಣಿ’ಯಂತೂ ಪ್ರತೀಕಾರವನ್ನೆಣಿಸದೆ, ಚಿಂತೆ ವಿಲಾಪಗಳಿಲ್ಲದೆ ದುಃಖವನ್ನು ಸಹಿಸುವುದೇ ತಿತಿಕ್ಷೆಯೆನ್ನುತ್ತದೆ. ಹಾಗಾದರೆ ದೆಹಲಿಯ ಜನವರಿಯಲ್ಲಿ ಉಣ್ಣೆಯ ಅಂಗಿ ತೊಡುವವನು ತಿತಿಕ್ಷೆಯಿಂದ ಜಾರಿದವನೇ? ಹುಟ್ಟಿದ ಊರೊಂದು, ಬಾಳುವ ಊರೊಂದು ಆಗಿರುವ ನಮಗೆ ಇದು ಕೇವಲ ಒಣವೇದಾಂತದ ಪ್ರಶ್ನೆಯಲ್ಲ.

ನಮ್ಮ ಕರಾವಳಿಯಲ್ಲಿ ಚಳಿಗಾಲದ ರಾತ್ರಿಯೂ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ದೆಹಲಿಯಲ್ಲಿ ಅದೇ ಕಾಲಕ್ಕೆ 5 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಬೇಸಗೆಯಲ್ಲಿ 45ನ್ನು ಮುಟ್ಟುವುದೂ ಉಂಟು. ಚಳಿ ತಾಗಿದೊಡನೆ ಚರ್ಮದ ರಕ್ತನಾಳಗಳು ಸಂಕುಚಿತವಾಗಿ, ಒಳಗಿನ ಅಂಗಗಳ ಕಾವನ್ನು ಕಾಯಲು ಯತ್ನಿಸುತ್ತವೆ, ರಕ್ತದೊತ್ತಡವೇರುತ್ತದೆ. ವೃದ್ಧರಿಗೂ ಹೃದ್ರೋಗಿಗಳಿಗೂ ಇದರಿಂದ ಅಪಾಯ. ಬಿಸಿಲಿನ ನಾಡಿಗೆ ಬಂದ ದೇಹವಾದರೋ ಬೇಗನೆ, ಹೆಚ್ಚಾಗಿ ಬೆವರಲು, ಬೆವರಿನಲ್ಲಿ ಉಪ್ಪನ್ನು ಉಳಿಸಿಕೊಳ್ಳಲು ಕಲಿಯುವುದಕ್ಕೆ ಒಂದೆರಡು ವಾರಗಳನ್ನೇ ತೆಗೆದುಕೊಳ್ಳುತ್ತದೆ.

ಇದನ್ನು ನಮ್ಮ ಪೂರ್ವಿಕರೂ ತಮ್ಮ ರೀತಿಯಲ್ಲಿ ಅರಿತಿದ್ದರು. ‘ಅಷ್ಟಾಂಗಹೃದಯ’ದಲ್ಲಿ ವಾಗ್ಭಟನು ಹೋಗುವ ಋತುವಿನ ಕೊನೆಯ ಏಳು ದಿನ, ಬರುವ ಋತುವಿನ ಮೊದಲ ಏಳು ದಿನಗಳನ್ನು ಋತುಸಂಧಿಯೆಂದು ಕರೆದು, ಹಳೆಯ ಆಹಾರವಿಹಾರಗಳನ್ನು ಮೆಲ್ಲಮೆಲ್ಲನೆ ಬಿಡುತ್ತ ಹೊಸತನ್ನು ಮೆಲ್ಲಮೆಲ್ಲನೆ ಹಿಡಿಯಬೇಕೆಂದು ವಿಧಿಸಿದನು. ಕಾಲ್ನಡೆಯ ಕಾಶೀಯಾತ್ರಿಕನಿಗೆ ದಾರಿಯೇ ಸಂಧಿಯಾಗಿತ್ತು. ಮೂರು ಗಂಟೆಗಳಲ್ಲಿ ವಿಮಾನದಿಂದ ಇಳಿಯುವ ನಮಗೆ ಆ ಸಂಧಿಯಿಲ್ಲ. ಅದನ್ನು ನಾವೇ ವಿವೇಕದಿಂದ ಕಲ್ಪಿಸಿಕೊಳ್ಳಬೇಕು.

ದೇವರಿಗೂ ನಾವು ಚಳಿಯನ್ನು ಸಹಿಸೆಂದು ಹೇಳಿಲ್ಲ. ಕೇದಾರದ ಉತ್ಸವಮೂರ್ತಿಯು ಹಿಮಗಾಲದಲ್ಲಿ ಪಲ್ಲಕ್ಕಿಯೇರಿ ಊಖೀಮಠಕ್ಕೆ ಇಳಿಯುತ್ತದೆ. ಬದರಿಯಲ್ಲಿ ನವೆಂಬರಿನಲ್ಲಿ ಬಾಗಿಲು ಮುಚ್ಚುವ ದಿನ, ಮಾಣಾ ಗ್ರಾಮದ ಸ್ತ್ರೀಯರು ನೇಯ್ದ ಉಣ್ಣೆಯ ಕಂಬಳಿಯನ್ನು ತುಪ್ಪದಲ್ಲಿ ತೋಯಿಸಿ ನಾರಾಯಣನಿಗೆ ಹೊದಿಸುತ್ತಾರೆ. ಹೊದಿಸುವ ರಾವಲರು ಸೆಕೆಯ ಕೇರಳದಿಂದ ಹೋದ ನಂಬೂದಿರಿಗಳು. ಜಗತ್ತನ್ನೇ ಹೊದ್ದವನಿಗೆ ಕಂಬಳಿಯೇಕೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಪ್ರೀತಿಗೆ ಅಂತಹ ತರ್ಕ ಹೊಳೆಯುವುದೇ ಇಲ್ಲ.

ನನಗಾದರೋ ಒಮ್ಮೆ ಆ ತರ್ಕ ಹೊಳೆದಿತ್ತು. ಬಹಳ ವರ್ಷಗಳ ಹಿಂದೆ ನನ್ನ ತಾಯಿಯವರು ದಕ್ಷಿಣ ಕನ್ನಡದ ನಮ್ಮ ಹಳ್ಳಿಯಿಂದ ಪುಷ್ಯಮಾಸದಲ್ಲಿ ದೆಹಲಿಗೆ ಬಂದರು. ಊರಿನ ಅಭ್ಯಾಸದಂತೆ ನಸುಕಿನಲ್ಲೇ ತಣ್ಣೀರಿನ ಸ್ನಾನ, ಜಪ. ಬಾಯಲ್ಲಿ ಒಂದು ದೂರಿಲ್ಲ. ಬಂದ ಸ್ನೇಹಿತರಿಗೆಲ್ಲ ನಾನು, “ನೋಡಿ, ತಿತಿಕ್ಷೆಯೆಂದರೆ ಇದು” ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಒಂದು ರಾತ್ರಿ ನೀರು ಕುಡಿಯಲೆಂದೆದ್ದವನು ನೋಡುತ್ತೇನೆ: ಅವರು ಹಾಸಿಗೆಯ ಮೇಲೆ ಮಂಡಿಮಡಿಸಿ ಕುಳಿತು, ಸೆರಗನ್ನು ಕಿವಿಗೆ ಸುತ್ತಿಕೊಂಡು ನಡುಗುತ್ತಿದ್ದಾರೆ. ಅವರ ರಜಾಯಿ ಪಕ್ಕದಲ್ಲಿ ಮಲಗಿದ್ದ ಮೊಮ್ಮಗನ ಮೇಲಿತ್ತು. “ಇದೇನಮ್ಮಾ?” ಎಂದರೆ, “ನನಗೇನು ಚಳಿ ಮಗಾ, ಹುಡುಗ ಒದ್ದಾಡುತ್ತಿದ್ದ” ಎಂದರು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ತಾಯಿಯವರ ಸಹನೆ ನಿಜವಾಗಿಯೂ ತಿತಿಕ್ಷೆಯೇ. ಆದರೆ ಅದನ್ನು ಹೊಗಳುತ್ತ ಕುಳಿತ ನನ್ನದು ಯಾವ ಧರ್ಮ? ಅವರ ಮೌನ ನನಗೆ ಅನುಕೂಲವಾಗಿತ್ತು. ನೀರು ಕಾಯಿಸುವ, ಇನ್ನೊಂದು ರಜಾಯಿ ಹೊಲಿಸುವ ಹೊಣೆಯನ್ನು ನಾನು ಗೀತೆಯ ಮೇಲೆ ಹೊರಿಸಿದ್ದೆ. ಮರುದಿನವೇ ಎರಡೂ ಆದವು. ಅವರು ಬೇಡವೆನ್ನಲೂ ಇಲ್ಲ.

ಅಂದಿನಿಂದ ಈ ಉಪದೇಶ ನನಗೆ ತೋರಿರುವ ಬಗೆ ಇಷ್ಟು. ಪ್ರತೀಕಾರವನ್ನೇ ಎಣಿಸದಿರುವುದು ಸರ್ವವನ್ನೂ ತೊರೆದ ಮುಮುಕ್ಷುವಿನ ನಿಯಮ. ಗೃಹಸ್ಥನಿಗೆ ಗೀತೆಯೇ ಆರನೆಯ ಅಧ್ಯಾಯದಲ್ಲಿ ಹಿತಮಿತವಾದ ಆಹಾರವಿಹಾರಗಳ ದಾರಿಯನ್ನು ತೋರಿದೆ. ಅವನು ಉಣ್ಣೆಯನ್ನು ತೊಡಲಿ, ಬಿಡಬೇಕಾದದ್ದು ಗೊಣಗಾಟವನ್ನು. “ನಮ್ಮ ಊರಿನಲ್ಲಿ ಹೀಗಿರಲಿಲ್ಲ” ಎಂದು ಬಾಳುವ ನೆಲವನ್ನು ನಿತ್ಯವೂ ಹಳಿಯುವವನಿಗೆ ಎಷ್ಟು ಕಂಬಳಿ ಹೊದ್ದರೂ ಚಳಿ ಹೋಗದು. ಎಲ್ಲಕ್ಕಿಂತ ಮಿಗಿಲಾಗಿ, ತಾಳಿಕೋ ಎಂಬ ಮಾತು ನಮ್ಮ ನಮ್ಮ ಮೈಗೆ ಹೇಳಿಕೊಳ್ಳಬೇಕಾದದ್ದು. ನಡುಗುವ ಇನ್ನೊಬ್ಬರಿಗೆ, ಅವರು ಮುದಿ ತಾಯಿಯಾಗಲಿ, ಮೇಲುಸೇತುವೆಯ ಕೆಳಗೆ ಮಲಗಿದ ಕೂಲಿಯವನಾಗಲಿ, ಅದನ್ನು ಉಪದೇಶಿಸುವ ಅಧಿಕಾರ ನಮಗಿಲ್ಲ. ಅವರಿಗೆ ಸಲ್ಲಬೇಕಾದದ್ದು ಹೊದಿಕೆ.

ನವರಾತ್ರಿಯಲ್ಲಿ ಪಾರಾಯಣಮಾಡುವ ಸಪ್ತಶತಿಯ ಐದನೆಯ ಅಧ್ಯಾಯದಲ್ಲಿ ದೇವತೆಗಳು ಜಗನ್ಮಾತೆಯನ್ನು ಸರ್ವಭೂತಗಳಲ್ಲಿ ಕ್ಷಾಂತಿಯ ರೂಪದಿಂದ ನೆಲಸಿದವಳೆಂದೂ, ದಯೆಯ ರೂಪದಿಂದ ನೆಲಸಿದವಳೆಂದೂ ಸ್ತುತಿಸುತ್ತಾರೆ. ವಿಜಯದಶಮಿ ಕಳೆದರೆ ಉತ್ತರದ ಗಾಳಿ ತಣ್ಣಗಾಗುತ್ತದೆ. ಊರಿನಿಂದ ಹಿರಿಯರು ಬರುವ ದಿನಗಳೂ ಸಮೀಪಿಸುತ್ತವೆ. ನಮ್ಮ ಪಾಲಿನ ಚಳಿಗೆ ತಾಯಿಯು ಕ್ಷಾಂತಿಯಾಗಿ ಬರಲಿ. ಅನ್ಯರ ಚಳಿಗೆ ನಮ್ಮ ಕೈಗಳಲ್ಲಿ ದಯೆಯಾಗಿ ಬರಲಿ.