ದಿನದ ಧಮ್ಮ ಚಿಂತನೆ: ನೂರು ಹೆಸರಿನ ಪಟ್ಟಿ



ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ದಬ್ಬೇಘಟ್ಟ ಕಡೆಯ ಹುಡುಗನೊಬ್ಬ ಪಕ್ಕಕ್ಕೆ ಕರೆದ. "ಅಣ್ಣಾ, ಹದಿನೆಂಟು ಸಾವಿರ ಕಟ್ಟಿದ್ರೆ ಕಿಟ್ ಕೊಡ್ತಾರೆ. ನನ್ನ ಕೆಳಗೆ ಆರು ಜನ ಸೇರಿಸ್ಬೇಕು. ಸೇರ್ಲಾ, ಬೇಡ್ವಾ?" ಅವನು ಕಾಯಿ ಸುಲಿಯುವವನು. ಕೆಲಸ ಇದ್ದ ದಿನ ಕೂಲಿ, ಇಲ್ಲದ ದಿನ ಇಲ್ಲ.

ತಕ್ಷಣ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ತಿಪಟೂರಿನ ಮೀಟಿಂಗ್‌ನಲ್ಲಿ ಅವನನ್ನು "ಸರ್" ಅಂದರಂತೆ, ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟರಂತೆ, ಯಾವ ಕೇರಿ ಅಂತ ಯಾರೂ ಕೇಳಲಿಲ್ಲವಂತೆ. ತೋಟದಲ್ಲಿ "ಲೋ" ಅನ್ನಿಸಿಕೊಂಡೇ ಬೆಳೆದವನಿಗೆ ಅದು ಎಷ್ಟು ದೊಡ್ಡದು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ದುಡ್ಡು ಮಾಡುವುದನ್ನು ಭಗವಾನ್ ಬುದ್ಧರು ಬೇಡ ಅನ್ನಲಿಲ್ಲ. ಹೆಂಡತಿ ಮಕ್ಕಳಿರುವ ಗೃಹಸ್ಥ ದೀಘಜಾಣು ಬಂದು ಕೇಳಿದಾಗ ಮೊದಲು ಹೇಳಿದ್ದೇ ಶ್ರಮದ ದುಡಿಮೆ. ಆಮೇಲೆ ಗಳಿಸಿದ್ದನ್ನು ಕಾಪಾಡುವುದು, ಒಳ್ಳೆಯ ಸ್ನೇಹಿತರು, ಆದಾಯಕ್ಕೆ ತಕ್ಕ ಬದುಕು. ಆದರೆ ಮಹಾಚತ್ತಾರೀಸಕ ಸುತ್ತದಲ್ಲಿ ಮಿಥ್ಯಾ ಆಜೀವ ಯಾವುದೆಂದು ಹೇಳುವಾಗ ಬಣ್ಣದ ಮಾತಿನ ಜೊತೆಗೆ, ಲಾಭವನ್ನೇ ಗಾಳ ಮಾಡಿ ಇನ್ನಷ್ಟು ಲಾಭ ಹಿಡಿಯುವುದೂ ಸೇರಿದೆ.

ಲೆಕ್ಕ ಹಾಕೋಣ ಅಂದೆ. ಆರು ಜನ, ಅವರ ಕೆಳಗೆ ತಲಾ ಆರು. ಹತ್ತನೇ ಮೆಟ್ಟಿಲಿಗೆ ಒಟ್ಟು 7 ಕೋಟಿ 25 ಲಕ್ಷ ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕವೇ 6 ಕೋಟಿ 11 ಲಕ್ಷ! ಎಲ್ಲಿ ನಿಂತರೂ ಆರರಲ್ಲಿ ಐವರು ಕೊನೆ ಮೆಟ್ಟಿಲಿನವರೇ, ಅವರ ಕೆಳಗೆ ಯಾರೂ ಇಲ್ಲ. ("ನನ್ನ ಕೆಳಗೆ" ಅನ್ನೋ ಮಾತೇ ನನಗೆ ಚುಚ್ಚಿತು. ಮೆಟ್ಟಿಲು ಮೆಟ್ಟಿಲಾದ ಅಸಮಾನತೆ ಹೇಗೆ ನಿಂತಿರುತ್ತದೆ ಅಂತ ಬಾಬಾಸಾಹೇಬರನ್ನು ಓದಿದವರು ನಾವು.)

ಕಾನೂನೂ ಇದೆ. ಜನ ಸೇರಿಸಿ ಹಣ ಸುತ್ತಿಸುವ ಸ್ಕೀಮನ್ನು 1978ರಲ್ಲೇ ನಿಷೇಧಿಸಲಾಗಿದೆ, ನೇರ ಮಾರಾಟದ 2021ರ ನಿಯಮಗಳೂ ಪಿರಮಿಡ್ ಬೇಡ ಅನ್ನುತ್ತವೆ. ಬೇಕಾದವರಿಗೆ ಸೋಪು ಮಾರಿ ಲಾಭ ಪಡೆದರೆ ಅದು ವ್ಯಾಪಾರ. ಇವನ ಕಿಟ್ಟನ್ನು ಮಾತ್ರ ಯಾರೂ ಬೇಕು ಅಂತ ಕೊಳ್ಳುವುದಿಲ್ಲ, ಸೇರುವುದಕ್ಕಾಗಿ ಕೊಳ್ಳುತ್ತಾರೆ.

ಆಮೇಲೆ ಅವನು ನೋಟ್‌ಬುಕ್ ತೋರಿಸಿದ. ನೂರು ಹೆಸರು ಬರೆದುಕೊಂಡು ಬಾ ಅಂದಿದ್ದರಂತೆ, ಮೂವತ್ತೊಂದು ಬರೆದಿದ್ದ. ಅಕ್ಕ, ಚಿಕ್ಕಮ್ಮ, ಸ್ತ್ರೀಶಕ್ತಿ ಸಂಘದ ಹೆಂಗಸರು, ನಮ್ಮ ಅಧ್ಯಯನ ಬಳಗದ ಒಂಬತ್ತು ಜನ, ನಾನೂ. ತೋಟದವರ ಒಂದು ಹೆಸರೂ ಇಲ್ಲ. ಯಾಕಪ್ಪ ಅಂದೆ. "ಅವರ ಜಗಲಿ ಮೇಲೆ ಕೂತು ಮಾತಾಡೋಕಾಗುತ್ತಾ ಅಣ್ಣಾ?" ಅಂದ.

ಅಂದರೆ ದುಡ್ಡು ಬರುವುದೆಲ್ಲ ನಮ್ಮ ಕೇರಿಯಿಂದಲೇ. ಸಂಘದ ಸಾಲದಿಂದಲೇ. ಕಷ್ಟಕ್ಕೆ ಐನೂರು ಕೇಳಿದರೆ ಇಲ್ಲ ಅನ್ನದೆ ಕೊಡುವ ಆ ಮೂವತ್ತೊಂದು ಜನರ ನಂಬಿಕೆಯೇ ಅಲ್ಲಿ ಬಂಡವಾಳ.

ಅವನು ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ ಪ್ರಶ್ನೆಗೆ ನಾನು ತಡವರಿಸಿದೆ. "ಸೇರಿಸ್ತಿರೋದು ನಮ್ಮ ಭಾವ. ಆಗ್ಲೇ ದುಡ್ಡು ಕಟ್ಟಿದಾರೆ. ನಾನು ಸೇರ್ದಿದ್ರೆ ಅವ್ರು ಮುಳುಗ್ತಾರೆ. ಸೇರೋದೂ ಕರುಣೆ ಅಲ್ವಾ?"

ಅವರ ಜೊತೆ ನೀನೂ ಮುಳುಗಿದರೆ ಅವರನ್ನು ಎತ್ತುವವರು ಯಾರು ಅಂತ ಕೇಳಿದೆ. ನಾಳೆ ಸಂಜೆ ಇಬ್ಬರೂ ಭಾವನ ಮನೆಗೆ ಹೋಗುತ್ತಿದ್ದೇವೆ. ಕಟ್ಟಿದ ದುಡ್ಡಿನ ರಸೀದಿ ಹುಡುಕಿಡಲು ಹೇಳಿದ್ದೇನೆ.

ಜೈ ಭೀಮ್