ವಿದ್ಯೆಯ ಲೆಕ್ಕ

ಅನ್ಯರ ಧನವನ್ನು ಕೈಯಲ್ಲಿ ಹಿಡಿದವನು ಅದರ ಲೆಕ್ಕವನ್ನು ಒಪ್ಪಿಸಬೇಕೆಂಬುದು ಸರ್ವಸಮ್ಮತವಾದ ಮಾತು. ಅಂಗಡಿಯ ಯಜಮಾನನು ಗುಮಾಸ್ತನಿಂದಲೂ, ಊರಿನ ಹಿರಿಯರು ಧರ್ಮಛತ್ರದ ಪಾರುಪತ್ಯಗಾರನಿಂದಲೂ ಲೆಕ್ಕವನ್ನು ಕೇಳುತ್ತಾರೆ. ಕೇಳುವುದರಲ್ಲಿ ಅವಮಾನವಿಲ್ಲ, ಒಪ್ಪಿಸುವುದರಲ್ಲಿ ಹೀನತೆಯಿಲ್ಲ. ಆದರೆ ಲೋಕದಲ್ಲಿ ಲೆಕ್ಕಕ್ಕೆ ಸಿಕ್ಕುವ ವಸ್ತುಗಳು ಕೆಲವು, ಸಿಕ್ಕದವು ಕೆಲವು. ಜೋಳವನ್ನು ಕೊಳಗದಿಂದ ಅಳೆಯಬಹುದು, ಬಟ್ಟೆಯನ್ನು ಗಜದಿಂದ ಅಳೆಯಬಹುದು. ವಿದ್ಯೆಯನ್ನು ಯಾವುದರಿಂದ ಅಳೆಯುವುದು? ಪ್ರಜೆಗಳು ತೆತ್ತ ತೆರಿಗೆಯಿಂದ ನಡೆಯುವ ವಿಶ್ವವಿದ್ಯಾನಿಲಯವು ಪ್ರಜೆಗಳಿಗೆ ತನ್ನ ಲೆಕ್ಕವನ್ನು ಹೇಗೆ ಒಪ್ಪಿಸಬೇಕು? ಗೊತ್ತಾದ ಫಲವನ್ನು ತೋರಿಸಿದರೆ ಮಾತ್ರ ಹಣವೆಂದು ಸರಕಾರವು ಹೇಳುವುದು ನ್ಯಾಯವೇ? ಇದು ಬರಿಯ ಆಡಳಿತದ ಪ್ರಶ್ನೆಯೆಂದು ತೋರಬಹುದು. ವಿಚಾರಿಸಿ ನೋಡಿದರೆ ಇದರಲ್ಲಿ ಕೊಡುವವನ ಧರ್ಮವೂ ಪಡೆಯುವವನ ಧರ್ಮವೂ ಅಡಗಿವೆ.

ಈ ವಿಷಯದಲ್ಲಿ ದೀರ್ಘಕಾಲದ ಪ್ರಯೋಗವನ್ನು ನಡೆಸಿದ ದೇಶ ಅಮೆರಿಕಾ ಸಂಯುಕ್ತ ಸಂಸ್ಥಾನ. ಅಲ್ಲಿ ಸಾರ್ವಜನಿಕ ವಿಶ್ವವಿದ್ಯಾನಿಲಯಗಳ ಹೊಣೆಯು ಬಹುಮಟ್ಟಿಗೆ ಆಯಾ ರಾಜ್ಯಕ್ಕೆ ಸೇರಿದುದು. ಹಿಂದೆ ಆ ರಾಜ್ಯಗಳು ಹೆಚ್ಚಾಗಿ ವಿದ್ಯಾರ್ಥಿಗಳ ತಲೆಯೆಣಿಕೆಯನ್ನು ನೋಡಿ ಹಣವನ್ನು ಹಂಚುತ್ತಿದ್ದವು. ೧೯೭೯ರಲ್ಲಿ ಟೆನ್ನೆಸ್ಸೀ ರಾಜ್ಯವು ಬೇರೊಂದು ದಾರಿಯನ್ನು ಹಿಡಿಯಿತು. ಸಾಮಾನ್ಯ ಅನುದಾನದ ಜೊತೆಗೆ, ಗೊತ್ತುಪಡಿಸಿದ ಗುರಿಗಳನ್ನು ಮುಟ್ಟಿದ ಸಂಸ್ಥೆಗೆ ಹೆಚ್ಚಿನ ಹಣವನ್ನು ಕೊಡುವ ಏರ್ಪಾಡು ಅದು. ಮೊದಲು ನೂರಕ್ಕೆ ೨ರಷ್ಟಿದ್ದ ಈ ಹೆಚ್ಚಳವು ಅನಂತರ ೫.೪೫ರವರೆಗೆ ಏರಿತು. ೨೦೧೦ರಲ್ಲಿ ಅದೇ ರಾಜ್ಯವು ಹೊಸ ಕಾನೂನನ್ನು ಮಾಡಿ, ಅನುದಾನದ ಬಹುಪಾಲನ್ನು ತೇರ್ಗಡೆ, ಪದವಿ ಮುಂತಾದ ಫಲಗಳಿಗೆ ಗಂಟುಹಾಕಿತು. ಮೊದಲು ಊಟದ ಮೇಲಣ ತುಪ್ಪವಾಗಿದ್ದುದು ಈಗ ಊಟವೇ ಆಯಿತು. ಫ್ಲಾರಿಡಾ ರಾಜ್ಯವು ೨೦೧೪ರಲ್ಲಿ ತನ್ನ ವಿಶ್ವವಿದ್ಯಾನಿಲಯಗಳಿಗೆ ೧೦ ಅಳತೆಗಳನ್ನು ವಿಧಿಸಿತು. ಆರು ವರ್ಷಗಳಲ್ಲಿ ಪದವಿಯನ್ನು ಮುಗಿಸಿದವರೆಷ್ಟು ಎಂಬುದು ಅವುಗಳಲ್ಲೊಂದಾಯಿತು. ಪದವೀಧರರು ಗಳಿಸುವ ಸಂಬಳವೆಷ್ಟು ಎಂಬುದೂ ಅವುಗಳಲ್ಲಿ ಸೇರಿತು.

ಈ ಪದ್ಧತಿಯನ್ನು ಖಂಡಿಸುವ ಮುನ್ನ ಅದರ ಪರವಾದ ವಾದವನ್ನು ಆಲಿಸುವುದು ನ್ಯಾಯ. ತಲೆಯೆಣಿಕೆಯ ಮೇಲೆ ಹಣ ಕೊಟ್ಟಾಗ ವಿಶ್ವವಿದ್ಯಾನಿಲಯಕ್ಕೆ ಬೇಕಾದುದು ತಲೆ ಮಾತ್ರ. ಎಣಿಕೆಯ ದಿನ ವಿದ್ಯಾರ್ಥಿಯು ಕೊಠಡಿಯಲ್ಲಿದ್ದರೆ ಸಾಕು. ಆಮೇಲೆ ಅವನು ಕಲಿತನೋ, ನಡುವೆಯೇ ಬಿಟ್ಟುಹೋದನೋ, ಕೇಳುವವರಿಲ್ಲ. ಅಮೆರಿಕೆಯಲ್ಲಿ ಸಾಲ ಮಾಡಿ ಓದಲು ಸೇರಿ, ಪದವಿಯಿಲ್ಲದೆ ಸಾಲದ ಹೊರೆಯೊಂದನ್ನೇ ಹೊತ್ತು ಮನೆಗೆ ಮರಳುವ ತರುಣರು ಬಹುಮಂದಿ. ಅವರ ಗತಿ ಏನೆಂದು ರಾಜ್ಯವು ಕೇಳಿದ್ದು ತಪ್ಪೆಂದು ಯಾರು ಹೇಳಿಯಾರು? ಮೇಲಾಗಿ ತೆರಿಗೆ ತೆರುವವರಲ್ಲಿ ಕಾಲೇಜಿನ ಮೆಟ್ಟಿಲನ್ನು ಎಂದೂ ಹತ್ತದ ಕೂಲಿಕಾರನೂ ಇದ್ದಾನೆ. ಅವನ ಬೆವರಿನ ಹಣಕ್ಕೆ ಉತ್ತರ ಹೇಳಲಾರೆನೆನ್ನುವ ವಿದ್ವಾಂಸನ ವಿದ್ಯೆಯಲ್ಲಿ ವಿನಯವಿಲ್ಲವೆಂದೇ ಹೇಳಬೇಕು. ಆದುದರಿಂದ ಲೆಕ್ಕ ಕೇಳುವುದು ದೋಷವಲ್ಲ. ದೋಷವಿದ್ದರೆ ಅದು ಕೇಳುವ ರೀತಿಯಲ್ಲಿರಬೇಕು.

ಆ ರೀತಿಯನ್ನು ಈಗ ನೋಡೋಣ. ಶಾಸ್ತ್ರಜ್ಞರು ಸ್ಥಾಲೀಪುಲಾಕ ನ್ಯಾಯವೆಂದು ಒಂದನ್ನು ಹೇಳುತ್ತಾರೆ. ಗಡಿಗೆಯ ಅನ್ನವೆಲ್ಲ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಚುಕಿ ನೋಡಿದರೆ ಸಾಕು. ಅಳತೆಯೆಂಬುದು ಇಂತಹ ಅಗುಳು. ಆದರೆ ಈ ನ್ಯಾಯವು ಸಲ್ಲುವುದು ಎಲ್ಲ ಅಗುಳುಗಳೂ ಒಂದೇ ಬೆಂಕಿಯಲ್ಲಿ ಬೆಂದಾಗ ಮಾತ್ರ. ಯಜಮಾನನು ಇಂತಹ ಅಗುಳನ್ನೇ ಹಿಚುಕುವನೆಂದು ಅಡುಗೆಯವನಿಗೆ ಮೊದಲೇ ತಿಳಿದು, ಅವನ ಕೂಲಿಯೂ ಆ ಅಗುಳಿನ ಮೇಲೆಯೇ ನಿಂತಿದ್ದರೆ, ಅವನು ಅದೊಂದನ್ನೇ ಬೇರೆಯಾಗಿ ಬೇಯಿಸಿಡುತ್ತಾನೆ. ಅಗುಳು ಬೆಂದಿರುತ್ತದೆ; ಗಡಿಗೆಯ ಅನ್ನ ಅಕ್ಕಿಯಾಗಿಯೇ ಉಳಿಯುತ್ತದೆ. ಅಮೆರಿಕೆಯ ಮನಶ್ಶಾಸ್ತ್ರಜ್ಞನಾದ ಡೊನಾಲ್ಡ್ ಕ್ಯಾಂಬೆಲ್ ೧೯೭೬ರಲ್ಲಿ ಇದೇ ಅಭಿಪ್ರಾಯವನ್ನು ಪ್ರತಿಪಾದಿಸಿದನು. ಸಮಾಜದ ಸ್ಥಿತಿಯನ್ನು ತಿಳಿಸುವ ಒಂದು ಅಂಕಿಯನ್ನು ನಿರ್ಣಯಗಳಿಗೆ ಎಷ್ಟೆಷ್ಟು ಆಧಾರವನ್ನಾಗಿ ಮಾಡಿಕೊಳ್ಳುತ್ತೇವೆಯೋ ಅಷ್ಟಷ್ಟು ಆ ಅಂಕಿಯೂ ಕೆಡುತ್ತದೆ, ಅದು ಅಳೆಯಬೇಕಾಗಿದ್ದ ಕಾರ್ಯವೂ ಕೆಡುತ್ತದೆ ಎಂಬುದು ಅವನ ಮತ.

ಇದು ಕೇವಲ ಊಹೆಯಲ್ಲ. ೧೮೬೨ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಎಂಬ ಮಂತ್ರಿಯು ಪ್ರಾಥಮಿಕ ಶಾಲೆಗಳಿಗೆ ಫಲಾನುಸಾರವಾಗಿ ಹಣ ಕೊಡುವ ನಿಯಮವನ್ನು ಜಾರಿಗೆ ತಂದನು. ಪರೀಕ್ಷಾಧಿಕಾರಿಯು ಬಂದು ಪ್ರತಿಯೊಂದು ಮಗುವನ್ನೂ ಓದು, ಬರಹ, ಗಣಿತಗಳಲ್ಲಿ ಪರೀಕ್ಷಿಸುವನು. ಒಂದು ವಿಷಯದಲ್ಲಿ ಮಗುವು ತಪ್ಪಿದರೆ ಶಾಲೆಗೆ ೨ ಷಿಲಿಂಗ್ ೮ ಪೆನ್ಸ್ ನಷ್ಟ. ಪರಿಣಾಮವೇನಾಯಿತು? ಮಕ್ಕಳು ಓದುವುದನ್ನು ಕಲಿಯುವ ಬದಲು ಓದಿನ ಪುಸ್ತಕವನ್ನೇ ಬಾಯಿಪಾಠ ಮಾಡಿದರು. ಪರೀಕ್ಷೆಗೆ ಬಾರದ ವಿಷಯಗಳು ಬಡವಾದವು. ಕವಿಯೂ ವಿಮರ್ಶಕನೂ ಆದ ಮ್ಯಾಥ್ಯೂ ಆರ್ನಾಲ್ಡನು ಸ್ವತಃ ಆ ಶಾಲೆಗಳ ಪರೀಕ್ಷಾಧಿಕಾರಿಯಾಗಿದ್ದವನು. ಈ ಪದ್ಧತಿಯು ಬೋಧನೆಯನ್ನು ಯಂತ್ರವನ್ನಾಗಿ ಮಾಡಿತೆಂದು ಅವನು ತನ್ನ ವರದಿಗಳಲ್ಲಿ ಎಚ್ಚರಿಸಿದನು. ಮುಂಬಯಿ, ಮದ್ರಾಸು ಪ್ರಾಂತಗಳ ಶಾಲೆಗಳಿಗೂ ಇಂತಹುದೇ ಪದ್ಧತಿ ಬಂದಿತ್ತು. ಇಂಗ್ಲೆಂಡಿನಲ್ಲಿ ಅದು ತೊಲಗಲು ೧೮೯೦ರ ದಶಕವೇ ಬರಬೇಕಾಯಿತು. ಅಷ್ಟರೊಳಗೆ ಒಂದು ತಲೆಮಾರಿನ ಮಕ್ಕಳು ಗುರುವಿನ ಕಣ್ಣಿಗೆ ಮಕ್ಕಳಾಗಿ ಕಾಣದೆ ಷಿಲಿಂಗುಗಳಾಗಿ ಕಂಡರು.

ವಿಶ್ವವಿದ್ಯಾನಿಲಯಗಳ ವಿಷಯದಲ್ಲಿಯೂ ಸಂಗತಿ ಹೆಚ್ಚು ಬೇರೆಯಾಗಲಿಲ್ಲ. ದಕ್ಷಿಣ ಕೆರೊಲಿನಾ ರಾಜ್ಯವು ೧೯೯೬ರಲ್ಲಿ ಕಾನೂನು ಮಾಡಿ, ೯ ಶೀರ್ಷಿಕೆಗಳ ಕೆಳಗೆ ೩೭ ಅಳತೆಗಳನ್ನು ಏರ್ಪಡಿಸಿ, ಅನುದಾನವನ್ನೆಲ್ಲ ಇವುಗಳಿಂದಲೇ ನಿರ್ಣಯಿಸುವೆನೆಂದು ಸಾರಿತು. ಆ ಸಂಕಲ್ಪವು ಪೂರ್ಣವಾಗಿ ಎಂದೂ ನಡೆಯಲಿಲ್ಲ. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಡಬೇಕಾಯಿತು. ವಾಷಿಂಗ್ಟನ್ ರಾಜ್ಯದ ಎರಡು ವರ್ಷದ ಕಾಲೇಜುಗಳ ಮೇಲೆ ೨೦೧೫ರಲ್ಲಿ ಪ್ರಕಟವಾದ ಸಂಶೋಧನೆಯು, ಇಂತಹ ನಿಯಮದಿಂದ ಪದವಿಗಳು ಹೆಚ್ಚಲಿಲ್ಲ, ಅಲ್ಪಕಾಲದಲ್ಲಿ ಮುಗಿಯುವ ಪ್ರಮಾಣಪತ್ರಗಳು ಹೆಚ್ಚಿದುವೆಂದು ತೋರಿಸಿತು. ಇಂಡಿಯಾನಾ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾನಿಲಯಗಳನ್ನು ಕುರಿತು ೨೦೧೭ರಲ್ಲಿ ಬಂದ ಸಂಶೋಧನೆಯು ಇನ್ನೂ ಗಂಭೀರವಾದುದು. ಅಲ್ಲಿ ಪದವೀಧರರ ಸಂಖ್ಯೆ ಹೆಚ್ಚಲಿಲ್ಲ. ಪ್ರವೇಶದ ಬಾಗಿಲು ಮಾತ್ರ ಕಿರಿದಾಯಿತು.

ಈ ಕಡೆಯ ಮಾತಿನಲ್ಲಿಯೇ ನಮ್ಮ ಪ್ರಶ್ನೆಯ ಮರ್ಮವಿದೆ. ನೂರು ಮಂದಿಯಲ್ಲಿ ಹೆಚ್ಚು ಜನ ತೇರ್ಗಡೆಯಾಗುವಂತೆ ಮಾಡಲು ಮೂರು ಉಪಾಯಗಳುಂಟು. ಮೊದಲನೆಯದು, ಇನ್ನೂ ಚೆನ್ನಾಗಿ ಕಲಿಸುವುದು. ಎರಡನೆಯದು, ಪರೀಕ್ಷೆಯನ್ನು ಸುಲಭ ಮಾಡುವುದು. ಮೂರನೆಯದು, ದುರ್ಬಲರನ್ನು ಬಾಗಿಲಿನಲ್ಲಿಯೇ ತಡೆಯುವುದು. ಮೊದಲನೆಯದಕ್ಕೆ ವರ್ಷಗಳ ಶ್ರಮ, ತಾಳ್ಮೆ, ಹಣಗಳು ಬೇಕು. ಉಳಿದೆರಡಕ್ಕೆ ಒಂದು ಸುತ್ತೋಲೆ ಸಾಕು. ಮೂರರಲ್ಲಿ ಯಾವ ದಾರಿಯಿಂದ ಬಂದೆನೆಂದು ಅಂಕಿಯು ಹೇಳುವುದಿಲ್ಲ. ಒಂದೇ ಅಂಕಿಯು ಸತ್ಕಾರ್ಯದ ಫಲವೂ ಆಗಬಹುದು, ಅನ್ಯಾಯದ ಫಲವೂ ಆಗಬಹುದು. ಹಣವು ಅಂಕಿಗೆ ಬರುತ್ತದೆಯೇ ಹೊರತು ದಾರಿಗೆ ಬರುವುದಿಲ್ಲವಾದಾಗ, ಸಜ್ಜನರೂ ಮೆಲ್ಲಮೆಲ್ಲನೆ ಸುಲಭದ ದಾರಿಗೆ ಇಳಿಯುತ್ತಾರೆ. ಯಾರೊಬ್ಬರೂ ಕೆಟ್ಟವರಾಗದೆಯೇ ಸಂಸ್ಥೆಯು ಕೆಟ್ಟುಹೋಗುತ್ತದೆ.

ಓದು ಬಲ್ಲ ಮನೆಯಿಂದ ಬಂದ ಹುಡುಗನೊಬ್ಬನು. ಮನೆತನದಲ್ಲಿ ಪುಸ್ತಕ ಹಿಡಿದವರಲ್ಲಿ ತಾನೇ ಮೊದಲಿಗಳಾದ ಹುಡುಗಿಯೊಬ್ಬಳು. ಅವನು ಅರ್ಧ ದಾರಿಯನ್ನು ನಡೆದೇ ಬಂದಿರುತ್ತಾನೆ. ಅವಳನ್ನು ಮೊದಲ ಹೆಜ್ಜೆಯಿಂದ ಕರೆತರಬೇಕು. ಪದವಿಯನ್ನು ಮಾತ್ರ ಎಣಿಸುವ ರಾಜ್ಯವು ಇಬ್ಬರಿಗೂ ಒಂದೇ ಬೆಲೆ ಕಟ್ಟುತ್ತದೆ. ಇದು ಸಮಾನತೆಯಂತೆ ಕಾಣುತ್ತದೆ. ವಾಸ್ತವವಾಗಿ ಅವಳಿಗಾಗಿ ಪಟ್ಟ ಶ್ರಮವನ್ನು ಸೊನ್ನೆಯೆಂದು ಎಣಿಸಿದಂತಾಗುತ್ತದೆ. ಸಂಬಳವನ್ನು ಅಳೆಯುವಲ್ಲಿಯೂ ಇದೇ ಕಥೆ. ಹಳ್ಳಿಯ ಶಾಲೆಗೆ ಹೋಗಿ ಅಕ್ಷರ ಕಲಿಸುವ ಪದವೀಧರೆಗಿಂತ ಪಟ್ಟಣದ ಬ್ಯಾಂಕಿನಲ್ಲಿ ಕುಳಿತವನು ವಿಶ್ವವಿದ್ಯಾನಿಲಯಕ್ಕೆ ಹೆಚ್ಚಿನ ಕೀರ್ತಿಯನ್ನು ತರುತ್ತಾನೆ. ಹೀಗೆ ಎಣಿಸುವುದಾದರೆ ಗುರು ಎಂಬುವನು ಎಲ್ಲ ವೃತ್ತಿಗಳಲ್ಲಿ ನಷ್ಟದ ಬಾಬಾಗುತ್ತಾನೆ.

ಟೆನ್ನೆಸ್ಸೀ ರಾಜ್ಯವು ಈ ದೋಷವನ್ನು ಕಂಡುಕೊಂಡಿತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ತನ್ನ ೨೦೧೦ರ ಕಾನೂನಿನ ಲೆಕ್ಕದಲ್ಲಿ ಅದು ಬಡ ವಿದ್ಯಾರ್ಥಿಗಳ ಮತ್ತು ವಯಸ್ಸು ಮೀರಿ ಓದಲು ಬಂದವರ ಸಾಧನೆಗೆ ನೂರಕ್ಕೆ ೪೦ರಷ್ಟು ಹೆಚ್ಚಿನ ತೂಕವನ್ನು ಕೊಟ್ಟಿತು. ಇದು ರೋಗವನ್ನು ಪೂರ್ತಿ ಗುಣಪಡಿಸಲಾರದು, ಆದರೂ ದಿಕ್ಕು ಸರಿಯಾದುದು. ಅಳತೆಯು ದುರ್ಬಲನ ಕಡೆಗೆ ಗುರುವಿನ ಮುಖವನ್ನು ತಿರುಗಿಸಬೇಕೇ ಹೊರತು ಅವನಿಂದ ಅತ್ತ ತಿರುಗಿಸಬಾರದು. ಯಾವ ಲೆಕ್ಕವು ಧರ್ಮ್ಯ, ಯಾವುದು ಅಲ್ಲ ಎಂದು ನಿರ್ಣಯಿಸಲು ಇದೊಂದು ಒರೆಗಲ್ಲು ಸಾಕೆಂದು ನಮ್ಮ ಅಭಿಪ್ರಾಯ.

ಇಲ್ಲಿ ಒಂದು ಆಕ್ಷೇಪವು ಬರಬಹುದು: ಅಂಕಿಗಳನ್ನು ಬಿಟ್ಟು, ಬಲ್ಲವರು ಕಣ್ಣಾರೆ ಕಂಡು ಯೋಗ್ಯತೆಯನ್ನು ನಿರ್ಣಯಿಸಿದರೆ ಸಾಲದೇ ಎಂದು. ನಮ್ಮ ದೇಶದಲ್ಲಿ ೧೯೯೪ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲೆಗೊಂಡಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು ಅಂತಹ ತಜ್ಞರನ್ನು ವಿಶ್ವವಿದ್ಯಾನಿಲಯಗಳಿಗೂ ಕಾಲೇಜುಗಳಿಗೂ ಕಳುಹಿಸುತ್ತ ಬಂದಿದೆ. ಆದರೆ ೨೦೨೫ರ ಫೆಬ್ರುವರಿಯಲ್ಲಿ, ಒಳ್ಳೆಯ ಶ್ರೇಣಿಗಾಗಿ ಲಂಚ ಪಡೆದ ಆರೋಪದ ಮೇಲೆ ಅಂತಹ ಪರಿಶೀಲನಾ ತಂಡವೊಂದರ ಅಧ್ಯಕ್ಷನನ್ನೂ ಸದಸ್ಯರನ್ನೂ ಕೇಂದ್ರೀಯ ತನಿಖಾ ದಳವು ಬಂಧಿಸಿತು. ಆರೋಪದ ಸತ್ಯಾಸತ್ಯವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ನಾವು ತಿಳಿಯಬೇಕಾದುದಿಷ್ಟು: ಅಂಕಿಯು ಕೆಡುವಂತೆ ಕಣ್ಣೂ ಕೆಡಬಹುದು. ಅಂಕಿಯನ್ನು ಕಣ್ಣು ಕಾಯಬೇಕು, ಕಣ್ಣನ್ನು ಅಂಕಿ ಕಾಯಬೇಕು. ಎರಡನ್ನೂ ಕಾಯುವುದು ನಡೆನುಡಿಗಳ ಶುದ್ಧಿಯೊಂದೇ. ಅದಕ್ಕೆ ಬದಲಾಗಿ ನಿಲ್ಲುವ ಯಂತ್ರವನ್ನು ಯಾವ ಸರಕಾರವೂ ಕಂಡುಹಿಡಿದಿಲ್ಲ.

ಇನ್ನು ಕೊಡುವವನ ಧರ್ಮ. ಲೆಕ್ಕವೆಂಬುದು ಒಂದೇ ಕಡೆಯದಲ್ಲ. ಫಲವನ್ನು ಕೇಳುವವನು ಮೊದಲು ನೀರೆರೆದಿರಬೇಕು. ಒಂದು ವರ್ಷ ಕೊಟ್ಟು ಮರುವರ್ಷ ಹಿಂತೆಗೆಯುವ ಕೈಯಿಂದ ಮರ ಬೆಳೆಯುವುದಿಲ್ಲ. ವಿದ್ಯಾಸಂಸ್ಥೆಯು ಹಣ್ಣು ಬಿಡಲು ಹಲವು ದಶಕಗಳು ಬೇಕಾದ ಮರ. ನಮ್ಮ ಕರ್ನಾಟಕದಲ್ಲಿಯೇ, ಕೆಲವೇ ವರ್ಷಗಳ ಹಿಂದೆ ಸ್ಥಾಪಿತವಾಗಿದ್ದ ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಒಂಬತ್ತನ್ನು ಮುಚ್ಚುವ ವಿಚಾರವು ೨೦೨೫ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯ ಮುಂದೆ ಬಂದಿತು; ಸಾಕಷ್ಟು ಹಣವಿಲ್ಲವೆಂಬುದು ಮುಖ್ಯ ಕಾರಣ. ತೆರೆದುದು ಸರಿಯೋ, ಮುಚ್ಚುವುದು ಸರಿಯೋ ಎಂಬ ವಾದಕ್ಕೆ ನಾವು ಹೋಗುವುದಿಲ್ಲ. ಆದರೆ ತೊಟ್ಟಿಲಲ್ಲಿರುವ ಕೂಸಿಗೆ ಹಾಲನ್ನು ಅಳೆದಳೆದು ಕೊಟ್ಟು, ಅದು ಏಕೆ ನಡೆಯಲಿಲ್ಲವೆಂದು ಕೇಳುವುದು ಯಾವ ಪಕ್ಷಕ್ಕೂ ಶೋಭಿಸದು. ಆದುದರಿಂದ ಅನುದಾನದ ಹಿರಿಯ ಭಾಗವು ಸ್ಥಿರವಾಗಿರಬೇಕು. ಫಲವನ್ನು ನೋಡಿ ಕೊಡುವ ಭಾಗವು ಟೆನ್ನೆಸ್ಸೀಯ ಮೊದಲಿನ ಏರ್ಪಾಡಿನಲ್ಲಿದ್ದಂತೆ ಕಿರಿದಾಗಿರಬೇಕು. ಕಿರಿದಾದ ಬಹುಮಾನವು ಎಚ್ಚರಿಸುತ್ತದೆ. ಹೊಟ್ಟೆಯನ್ನೇ ಪಣಕ್ಕೊಡ್ಡಿದರೆ ಅದು ಸುಳ್ಳನ್ನು ಕಲಿಸುತ್ತದೆ.

ಗೃಹಸ್ಥರಾದ ವಾಚಕರು ಇದೆಲ್ಲ ಸರಕಾರದ ಮಾತೆಂದು ಸುಮ್ಮನಾಗಬಾರದು. ತೆರಿಗೆ ತೆರುವವರು ನಾವೇ, ಮಕ್ಕಳನ್ನು ಕಳುಹಿಸುವವರೂ ನಾವೇ. ಕಾಲೇಜೊಂದು ತನ್ನಲ್ಲಿ ನೂರಕ್ಕೆ ನೂರು ಮಂದಿ ತೇರ್ಗಡೆಯಾದರೆಂದು ಫಲಕವನ್ನು ತೂಗುಹಾಕಿದಾಗ ನಾವು ತಲೆದೂಗುತ್ತೇವೆ. ಆ ನೂರರಲ್ಲಿ ಸೇರದಂತೆ ಹೊರಗೆ ನಿಂತವರೆಷ್ಟು ಮಂದಿ ಎಂದು ಕೇಳುವುದಿಲ್ಲ. ನಾವು ಕೇಳದಿರುವುದರಿಂದಲೇ ಫಲಕಗಳು ದೊಡ್ಡದಾಗುತ್ತಿವೆ, ಬಾಗಿಲುಗಳು ಕಿರಿದಾಗುತ್ತಿವೆ. ಲೆಕ್ಕವನ್ನು ಅವಶ್ಯವಾಗಿ ಕೇಳೋಣ. ಆದರೆ ಎಷ್ಟು ಮಂದಿ ಗೆದ್ದರೆಂದು ಕೇಳುವ ಮೊದಲು, ಯಾರನ್ನು ಒಳಗೆ ಕರೆದುಕೊಂಡಿರಿ, ಅವರನ್ನು ಎಲ್ಲಿಂದ ಎಲ್ಲಿಯವರೆಗೆ ಕರೆತಂದಿರಿ ಎಂದು ಕೇಳೋಣ. ಇದಕ್ಕೆ ನಿಸ್ಸಂಕೋಚವಾಗಿ ಉತ್ತರ ಕೊಡಬಲ್ಲ ಸಂಸ್ಥೆಗೆ ಪ್ರಜೆಗಳ ಹಣವನ್ನು ಪಡೆಯುವ ಅಧಿಕಾರವುಂಟು. ಆ ಹಣವನ್ನು ತಪ್ಪದೆ ಕೊಡುವ ಋಣ ಪ್ರಜೆಗಳ ಮೇಲೆಯೂ ಉಂಟು.